ಎಂಟನೇ ತರಗತಿ ಮತ್ತು ಎಣ್ಣೆ ಬಾಟಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಚಕರ ವಿಭಾಗದಲ್ಲಿ ಪಾಲಕರೊಬ್ಬರು ಬರೆದ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲಕ್ಕೆ ಅವರ ಅರ್ಧ ಮಾತು ಒಪ್ಪಬೇಕಾದದ್ದೇ ಎನ್ನಿಸಿತು. ಸೇವೆ, ಸಮುದಾಯ, ಚಟುವಟಿಕೆ ಎಂದೆಲ್ಲ ಹೆಸರಿಟ್ಟು ಮಕ್ಕಳ ಕೈಗೆ ಪೊರಕೆ ಕೊಡುವುದನ್ನು ಶಾಲೆಗಳು ನಿಲ್ಲಿಸಲಿ, ಪಾಠ ಮಾಡಲಿ, ಪರೀಕ್ಷೆಗೆ ಸಿದ್ಧಪಡಿಸಲಿ ಎಂಬುದು ಅವರ ಆಗ್ರಹ. ಪೊರಕೆಯ ವಿಷಯದಲ್ಲಿ ನಾನೂ ಅವರ ಕಡೆಯವಳೇ. ಆದರೆ ಮಕ್ಕಳಿಂದ ಚಾಕರಿ ಮಾಡಿಸುವುದಕ್ಕೂ ಊರಿನ ಕೆಲಸದಲ್ಲಿ ಮಕ್ಕಳು ಪಾಠ ಕಲಿಯುವುದಕ್ಕೂ ಇರುವ ಅಂತರ ಅವರ ಪತ್ರದಲ್ಲಿ ಎಲ್ಲಿಯೂ ಕಾಣಲಿಲ್ಲ. ಅದನ್ನು ಹೇಳೋಣವೆಂದು ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ. ಇಪ್ಪತ್ತಾರು ವರ್ಷ ಪಾಠ ಮಾಡಿದವರಿಗೆ ನಲವತ್ತು ನಿಮಿಷಕ್ಕಿಂತ ಕಡಿಮೆ ಮಾತನಾಡಿ ಅಭ್ಯಾಸವಿರುವುದಿಲ್ಲ.

ನಾನು ಹೊಸನಗರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಹುಟ್ಟಿದ್ದು ಹರಿಹರದ ಕಡೆಯ ಬಯಲು ಹಳ್ಳಿಯಲ್ಲಿ. ಮಲೆನಾಡಿಗೆ ಬಂದ ಮೊದಲ ಜೂನ್‌ನಲ್ಲಿ ಹಳ್ಳದ ಮೇಲಿನ ಸಂಕ ದಾಟಲು ಹೆದರಿ, ಎಂಟನೇ ತರಗತಿಯ ಹುಡುಗಿಯೊಬ್ಬಳ ಕೈ ಹಿಡಿದು ಶಾಲೆ ಸೇರಿದವಳು. ಹೀಗಾಗಿ ಈ ಊರಿನಲ್ಲಿ ಯಾರು ಯಾರಿಗೆ ಕಲಿಸಿದರು ಎಂಬ ಲೆಕ್ಕ ನನಗೆ ಮೊದಲ ದಿನದಿಂದಲೇ ಗೊಂದಲ.

ಮೊದಲು ಪೊರಕೆಯ ಮಾತು. ನಾನು ಓದಿದ ಶಾಲೆಯಲ್ಲಿ ಪ್ರತಿ ಶನಿವಾರ ಶ್ರಮದಾನ ಇರುತ್ತಿತ್ತು. ಹುಲ್ಲು ಕೀಳುವುದು, ಕಸ ಗುಡಿಸುವುದು, ಮುಖ್ಯೋಪಾಧ್ಯಾಯರ ಮನೆಗೆ ಎರಡು ಕೊಡ ನೀರು. ದಾನ ಎಂಬ ಪದ ಇತ್ತು, ಕೊಡುವವರನ್ನು ಯಾರೂ ಕೇಳುತ್ತಿರಲಿಲ್ಲ. ಆ ವಯಸ್ಸಿನಲ್ಲಿಯೂ ನನ್ನ ಕಣ್ಣಿಗೆ ಬಿದ್ದ ಸಂಗತಿ ಒಂದಿದೆ: ಹೂಗಿಡಗಳಿಗೆ ನೀರು ಹಾಕುವ ಕೆಲಸ ಕೆಲವು ಮಕ್ಕಳಿಗೆ, ಮೂತ್ರಾಲಯಕ್ಕೆ ನೀರು ಸುರಿಯುವ ಕೆಲಸ ಬೇರೆ ಕೆಲವು ಮಕ್ಕಳಿಗೆ. ಆ ಹಂಚಿಕೆ ಒಂದು ವಾರವೂ ಬದಲಾಗಲಿಲ್ಲ. ಯಾವ ಕೇರಿಯ ಮಕ್ಕಳಿಗೆ ಯಾವ ಕೆಲಸ ಎಂದು ಬಿಡಿಸಿ ಹೇಳಬೇಕಾಗಿಲ್ಲ, ಓದುಗರು ಬಲ್ಲರು. 2023ರ ಕೊನೆಯಲ್ಲಿ ಮಕ್ಕಳಿಂದ ಶೌಚಾಲಯ ತೊಳೆಸಿದ ಸುದ್ದಿಗಳು ರಾಜ್ಯದ ಒಂದಕ್ಕಿಂತ ಹೆಚ್ಚು ಕಡೆಯಿಂದ ಬಂದು, ಹಾಗೆ ಮಾಡಿಸಕೂಡದೆಂದು ಸರ್ಕಾರ ಕಟ್ಟುನಿಟ್ಟಾಗಿ ಹೇಳಬೇಕಾಯಿತು. ಹೇಳಿದ್ದು ಸರಿ. ಪಾಲಕರು ಸಿಟ್ಟಾದದ್ದೂ ಸರಿ.

ಪೊರಕೆಯಷ್ಟು ಕ್ರೂರವಲ್ಲದ, ಆದರೆ ಅಷ್ಟೇ ವ್ಯರ್ಥವಾದ ಇನ್ನೊಂದು ಬಗೆಯಿದೆ. ಅದು ಫೋಟೊ ಸೇವೆ. ವನಮಹೋತ್ಸವ ಈ ದೇಶದಲ್ಲಿ 1950ರಲ್ಲಿ ಆರಂಭವಾದದ್ದು, ಒಳ್ಳೆಯ ಉದ್ದೇಶದ್ದೇ. ನಮ್ಮ ಶಾಲೆಯ ಹಿಂಬದಿಯಲ್ಲಿ ಅದಕ್ಕೆಂದೇ ಮೀಸಲಾದ ಒಂದು ಗುಂಡಿ ಇತ್ತು. ಪ್ರತಿ ಮಳೆಗಾಲದಲ್ಲಿ ಅದರಲ್ಲಿ ಒಂದು ಸಸಿ ನೆಟ್ಟು, ಸುತ್ತ ನಿಂತು, ಫೋಟೊ ತೆಗೆಸಿಕೊಂಡು, ವರದಿ ಕಳಿಸುತ್ತಿದ್ದೆವು. ಬೇಸಿಗೆಯಲ್ಲಿ ಅದನ್ನು ದನ ಮೇಯುತ್ತಿತ್ತು. ಮುಂದಿನ ವರ್ಷ ಗುಂಡಿ ಸಿದ್ಧವಾಗಿಯೇ ಇರುತ್ತಿತ್ತು, ಹೊಸದಾಗಿ ಅಗೆಯುವ ಶ್ರಮವೂ ಇಲ್ಲ. ಸುತ್ತ ಮುಗಿಲು ಮುಟ್ಟುವ ಕಾಡಿರುವ ಊರಿನಲ್ಲಿ ಶಾಲೆಯ ಹಿಂದೆ ಒಂದು ಗಿಡ ನೆಡಿ ಎಂದು ನಮ್ಮನ್ನು ಕೇಳಿದವರಾದರೂ ಯಾರು? ಸುತ್ತೋಲೆ ಕೇಳಿತ್ತು. ಈ ಗುಂಡಿಯ ಫೋಟೊಗಳಲ್ಲಿ ನಾನೂ ಇದ್ದೇನೆ, ಒಂದರಲ್ಲಂತೂ ಹಾರೆ ಹಿಡಿದು ನಗುತ್ತಿದ್ದೇನೆ.

ಊರಿನ ಕೆಲಸ ಮಾಡುತ್ತಲೇ ಪಾಠ ಕಲಿಯುವುದನ್ನು ಈಗ ಎಲ್ಲರೂ 'ಸೇವಾ ಕಲಿಕೆ' ಎನ್ನುತ್ತಾರೆ, ಆ ಪದ ಅಮೆರಿಕದಿಂದ ಬಂದದ್ದು. 1960ರ ದಶಕದ ನಡುವಿನಲ್ಲಿ ಅಲ್ಲಿನ ಟೆನೆಸ್ಸಿ ಸೀಮೆಯಲ್ಲಿ ರಾಬರ್ಟ್ ಸಿಗ್ಮನ್ ಮತ್ತು ವಿಲಿಯಂ ರ್‍ಯಾಮ್ಸೆ ಎಂಬವರು ಕಾಲೇಜು ವಿದ್ಯಾರ್ಥಿಗಳ ಕೆಲಸವನ್ನು ಕುರಿತು ಮಾತನಾಡುವಾಗ ಬಳಕೆಗೆ ತಂದರು. ಪದ ಹೊಸದು, ವಿಚಾರ ನಮಗೆ ಹೊಸದಲ್ಲ. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮಿನ ಪ್ರಸ್ತಾಪ ಇಟ್ಟಾಗ, ಕೈಕೆಲಸದ ಒಳಗಿನಿಂದಲೇ ಲೆಕ್ಕ, ಭಾಷೆ, ವಿಜ್ಞಾನ ಹುಟ್ಟಬೇಕು ಎಂದಿದ್ದರು. ಝಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮವನ್ನೂ ಬರೆಯಿತು. 1964-66ರ ಕೊಠಾರಿ ಆಯೋಗ ಕಾರ್ಯಾನುಭವ ಮತ್ತು ಸಮಾಜಸೇವೆ ಶಿಕ್ಷಣದ ಭಾಗವಾಗಲಿ ಎಂದಿತು. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, ಎನ್‌ಎಸ್‌ಎಸ್ ಎಂಬ ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. ನಮ್ಮ ವೇಳಾಪಟ್ಟಿಯಲ್ಲಿ ಕಾರ್ಯಾನುಭವ ಎಂಬ ಅವಧಿ ಇಂದಿಗೂ ಇದೆ. ಆ ಅವಧಿಯಲ್ಲಿ ಗಣಿತದವರು ಬಾಕಿ ಉಳಿದ ಲೆಕ್ಕ ಮುಗಿಸಿಕೊಳ್ಳುತ್ತಾರೆ ಎಂಬುದನ್ನು ನಾನು ಹೇಳಿದೆನೆಂದು ಬರೆಯಬೇಡಿ.

ಸಿಗ್ಮನ್ 1979ರಲ್ಲಿ ಬರೆದ ಮೂರು ಸೂತ್ರಗಳಲ್ಲಿ ಮೊದಲನೆಯದು ನನಗೆ ಬಹಳ ಇಷ್ಟ. ಯಾವ ಸೇವೆ, ಹೇಗೆ ಎಂಬುದು ಸೇವೆ ಪಡೆಯುವವರ ಹಿಡಿತದಲ್ಲಿರಬೇಕು ಎಂದು ಅದರ ಅರ್ಥ. ಇದನ್ನು ತರಬೇತಿಯೊಂದರಲ್ಲಿ ಕೇಳಿದಾಗ ನನಗೆ ಅಮೆರಿಕ ನೆನಪಾಗಲಿಲ್ಲ, ಮುಯ್ಯಾಳು ನೆನಪಾಯಿತು. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯ ಇಬ್ಬರು, ನಾಡಿದ್ದು ನಮ್ಮ ಗದ್ದೆಗೆ ನಿಮ್ಮ ಮನೆಯ ಇಬ್ಬರು. ಯಾರೂ ಯಾರಿಗೂ ಉಪಕಾರ ಮಾಡುತ್ತಿಲ್ಲ, ಆದರೆ ಬಾಕಿ ಮಾತ್ರ ಯಾರೂ ಮರೆಯುವುದಿಲ್ಲ. ಯಾವ ಗದ್ದೆಗೆ ಇಳಿಯಬೇಕು, ಸಸಿ ಎಷ್ಟು ಅಂತರದಲ್ಲಿ ಊರಬೇಕು ಎಂದು ಹೇಳುವವರು ಗದ್ದೆಯವರೇ ಹೊರತು ಬಂದ ಆಳಲ್ಲ. ಸೇವೆ ಎಂಬ ಪದ ಕೇಳಿದರೆ ನನಗೆ ದೇವಸ್ಥಾನದ ಗೋಡೆಯ ಮೇಲಿನ ದರಪಟ್ಟಿ ಕಣ್ಣಮುಂದೆ ಬರುತ್ತದೆ. ಶಾಲೆಗೆ ಬೇಕಾದದ್ದು ಮುಯ್ಯಾಳು. ಮಕ್ಕಳು ಊರಿಗೆ ಏನೋ ಮಾಡಬೇಕು, ಊರು ಮಕ್ಕಳಿಗೆ ಪಾಠವಾಗಿ ಅದನ್ನು ತೀರಿಸಬೇಕು. ಎರಡರಲ್ಲಿ ಒಂದು ತಪ್ಪಿದರೂ ಅದು ಬಿಟ್ಟಿ ಚಾಕರಿ.

ಇದನ್ನು ನಾನು ತಿಳಿದುಕೊಂಡ ಬಗೆ ಅಷ್ಟು ಹೆಮ್ಮೆಯದಲ್ಲ.

ಮಂಗನ ಕಾಯಿಲೆಯ ಬಗ್ಗೆ ಈ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಬಂದು, ಪುಣೆಯ ವಿಜ್ಞಾನಿಗಳು ವೈರಾಣುವನ್ನು ಗುರುತಿಸಿ, ಜಗತ್ತಿನ ವೈದ್ಯ ಗ್ರಂಥಗಳಿಗೆಲ್ಲ ನಮ್ಮ ಜಿಲ್ಲೆಯ ಒಂದು ಕಾಡಿನ ಹೆಸರು ಸೇರಿತು. ಎಂಟನೇ ತರಗತಿಯಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುತ್ತಿದ್ದೆ. ಕ್ಷಯ, ಕಾಲರಾ, ಟೈಫಾಯ್ಡ್, ಮಲೇರಿಯಾ ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಮೇಡಂ, ನಮ್ಮ ಕಡೆಯದು ಪುಸ್ತಕದಲ್ಲಿ ಏಕೆ ಇಲ್ಲ?" ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ ಎಂದೆ. ಅದರ ಹಿಂದಿನ ಬೇಸಿಗೆಯಲ್ಲಷ್ಟೇ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಇದೇ ಕಾಯಿಲೆಯಿಂದ ಸಾವುಗಳಾಗಿದ್ದವು. ಅವನ ಸೋದರಮಾವನ ಮನೆ ಆ ಕಡೆಯೇ ಇದೆಯೆಂದು ನನಗೆ ಆಮೇಲೆ ತಿಳಿಯಿತು.

ಡಿಸೆಂಬರ್‌ನಲ್ಲಿ ಆಶಾ ಕಾರ್ಯಕರ್ತೆ ಶಾಲೆಗೆ ಬಂದರು. ಆಗ ಮನೆಮನೆಗೆ ಡಿಎಂಪಿ ಎಣ್ಣೆ ಹಂಚುತ್ತಿದ್ದರು, ಈಗ ಡೆಪಾ ಎಂಬುದನ್ನು ಕೊಡುತ್ತಾರೆ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಂಡರೆ ಈ ಕಾಯಿಲೆ ಹರಡುವ ಉಣುಗು, ಎಂದರೆ ಉಣ್ಣೆ ಹುಳ, ಹತ್ತುವುದಿಲ್ಲ. "ಮೇಡಂ, ಎಣ್ಣೆ ಕೊಟ್ಟಿದ್ದೇವೆ. ಹಚ್ಚುತ್ತೀರಾ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಆದರೂ ಜ್ವರ ಬರುತ್ತಿದೆ. ನಿಮ್ಮ ಮಕ್ಕಳಿಂದ ಏನಾದರೂ ಆಗುತ್ತದೆಯೇ?" ಎಂದು ಕೇಳಿದರು. ನನಗೆ ಹೊಳೆದದ್ದು ನಮಗೆಲ್ಲ ಹೊಳೆಯುವುದೇ: ಜಾಥಾ. ರಟ್ಟಿನ ಮೇಲೆ ಘೋಷಣೆ ಬರೆಸಿದೆ. 'ಎಣ್ಣೆ ಹಚ್ಚಿ, ಜೀವ ಉಳಿಸಿ' ಎಂದು ಕೂಗುತ್ತ ಮಕ್ಕಳು ದಣಪೆಯಿಂದ ದಣಪೆಗೆ ಹೋದರು. ಜನ ಜಗುಲಿಯ ಮೇಲೆ ನಿಂತು ನೋಡಿದರು, ಮಜ್ಜಿಗೆ ಕೊಟ್ಟರು. ಕೊನೆಯ ಮನೆಯ ಅಜ್ಜಿ, ಎಂಬತ್ತರ ಆಸುಪಾಸು, ಮಜ್ಜಿಗೆ ಚೊಂಬು ಕೆಳಗಿಟ್ಟು ಹೇಳಿದರು: "ಹಚ್ಚಿ ಹಚ್ಚಿ ಎಂದು ಎಲ್ಲರೂ ಹೇಳಿ ಹೋಗುತ್ತೀರಿ. ಏಕೆ ಹಚ್ಚುವುದಿಲ್ಲ ಎಂದು ಒಬ್ಬರಾದರೂ ಕೇಳಿದ್ದೀರಾ, ಟೀಚರಮ್ಮ?"

ಮರುದಿನ ತರಗತಿಯಲ್ಲಿ ರಟ್ಟುಗಳನ್ನು ಮೂಲೆಗೆ ಒರಗಿಸಿ, ಕೇಳಬೇಕಾದ ಪ್ರಶ್ನೆಗಳನ್ನು ಬರೆಯಲು ಕುಳಿತೆವು. ಮೊದಲ ಪ್ರಶ್ನೆ, 'ನೀವು ಎಣ್ಣೆ ಹಚ್ಚಿಕೊಳ್ಳುತ್ತೀರಾ?' ಎಂದಿತ್ತು. ಹೊರಗೆ ಹೋಗುವ ಮೊದಲು ಅಭ್ಯಾಸಕ್ಕೆಂದು ಇಬ್ಬರು ಹುಡುಗಿಯರು ಸಂಜೆ ನನ್ನ ಬಾಡಿಗೆ ಮನೆಗೇ ಬಂದರು. ಅಂಗಳದಲ್ಲಿ ನಿಂತು ಗಂಭೀರವಾಗಿ ಕೇಳಿದರು. "ಹೂಂ, ಹಚ್ಚುತ್ತೇನೆ" ಎಂದೆ. ಅವರಲ್ಲಿ ಒಬ್ಬಳು, ತರಗತಿಯಲ್ಲಿ ಬಾಯಿಯೇ ಬಿಡದವಳು, ನನ್ನ ಹಿಂದಿನ ಕಿಟಕಿಯ ಕಡೆ ನೋಡಿ, "ಬಾಟಲಿ ತೋರಿಸುತ್ತೀರಾ, ಮೇಡಂ?" ಎಂದಳು. ಬಾಟಲಿ ಕಿಟಕಿಯಲ್ಲಿಯೇ ಇತ್ತು. ಮುಚ್ಚಳದ ಸೀಲು ಒಡೆದಿರಲಿಲ್ಲ. ಮೇಲೆ ಒಂದು ಎಳೆ ಧೂಳು.

ಮಕ್ಕಳು ನಗಲಿಲ್ಲ. ನಕ್ಕಿದ್ದರೆ ನನಗೆ ಇನ್ನೂ ಸುಲಭವಾಗುತ್ತಿತ್ತು. ಮರುದಿನ ಪ್ರಶ್ನಾವಳಿಯ ಮೊದಲ ಸಾಲು ಬದಲಾಗಿತ್ತು. 'ಹಚ್ಚುತ್ತೀರಾ' ಎಂಬುದು ಹೋಗಿ 'ಬಾಟಲಿ ನೋಡಬಹುದೇ?' ಎಂದಾಗಿತ್ತು. ಅದರ ಕೆಳಗೆ ನಾಲ್ಕು ಬಾಟಲಿಗಳ ಚಿತ್ರ: ತುಂಬಿದ್ದು, ಮುಕ್ಕಾಲು, ಅರ್ಧ, ಖಾಲಿ. ಜನ ಹೇಳುವುದಕ್ಕೂ ಮಾಡುವುದಕ್ಕೂ ವ್ಯತ್ಯಾಸವಿರುತ್ತದೆ, ಅಳೆಯುವುದಿದ್ದರೆ ಮಾಡುವುದನ್ನು ಅಳೆಯಬೇಕು. ಬಿ.ಇಡಿ.ಯಲ್ಲಿ ನನಗೆ ಇದನ್ನು ಒಂದು ಅಧ್ಯಾಯ ಮಾಡಿ ಕಲಿಸಿದ್ದರು. ನನಗೆ ಅದು ಹತ್ತಿರಲಿಲ್ಲ. ಆ ಹುಡುಗಿಗೆ ಒಂದು ಸಂಜೆಯಲ್ಲಿ ಹತ್ತಿತು.

ನಿಯಮಗಳನ್ನು ಮಾಡಿಕೊಂಡೆವು. ಕಾಡಿನ ಅಂಚಿಗೂ ಹೋಗುವಂತಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮಾತ್ರ, ನಾಲ್ವರಿಗೆ ಒಬ್ಬ ದೊಡ್ಡವರು ಜೊತೆ. ತುಂಬು ತೋಳಿನ ಅಂಗಿ, ಮೈಗೆ ಎಣ್ಣೆ. ಮನೆಯವರ ಒಪ್ಪಿಗೆ ಚೀಟಿ. ಆಸುಪಾಸಿನಲ್ಲಿ ಮಂಗ ಸತ್ತ ಸುದ್ದಿಯಿದ್ದರೆ ಆ ಕಡೆ ತಲೆ ಹಾಕುವಂತಿಲ್ಲ. ಆದರೂ ಒಬ್ಬರು ತಂದೆ ಬೈಕ್ ನಿಲ್ಲಿಸಿ ನೇರ ತರಗತಿಗೇ ಬಂದರು. "ಜ್ವರ ಬಂದ ಮನೆಗಳಿಗೆ ನನ್ನ ಮಗಳನ್ನು ಕಳಿಸುತ್ತೀರಂತೆ. ಅವಳಿಗೆ ಅಂಟಿದರೆ ಯಾರು ಹೊಣೆ?" ನಾನು ಉತ್ತರ ಹುಡುಕುತ್ತಿದ್ದಾಗ ಮಗಳೇ ಎದ್ದು ನಿಂತಳು. "ಅಪ್ಪಾ, ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಉಣುಗು ಕಚ್ಚಿದರೆ ಬರುತ್ತದೆ. ನೀವು ನಿನ್ನೆ ಸೊಪ್ಪಿನ ಬೆಟ್ಟಕ್ಕೆ ಬರಿಗಾಲಿನಲ್ಲಿ ಹೋಗಿದ್ದಿರಲ್ಲ, ಭಯ ಇರುವುದು ಅಲ್ಲಿ." ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಹಾಜರಿ ಪುಸ್ತಕದ ಮೇಲಿದ್ದ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಹೋದರು. ಕಳೆದ ವಾರದ ಪತ್ರ ಬರೆದವರು ಕೇಳಿದ್ದ 'ಪಾಠ' ಇದಲ್ಲದಿದ್ದರೆ ಯಾವುದು?

ಮೂರು ಶನಿವಾರಗಳಲ್ಲಿ ಮೂವತ್ತೆಂಟು ಮನೆ. ಮಲೆನಾಡಿನಲ್ಲಿ ಮೂವತ್ತೆಂಟು ಮನೆಯೆಂದರೆ ಬಯಲುಸೀಮೆಯ ಎರಡು ಬೀದಿಯಲ್ಲ, ಅದು ಗುಡ್ಡ, ಹಳ್ಳ, ತೋಟ ದಾಟಿ ಹೋಗಬೇಕಾದ ಒಂಟಿ ಮನೆಗಳು. ಅರ್ಧಕ್ಕಿಂತ ಹೆಚ್ಚು ಬಾಟಲಿಗಳು ಕತ್ತಿನವರೆಗೆ ತುಂಬಿದ್ದವು. ಕಾರಣಗಳನ್ನು ಮಕ್ಕಳು ಅವರವರ ಮಾತಿನಲ್ಲಿಯೇ ಬರೆದುಕೊಂಡು ಬಂದರು. ವಾಸನೆ. ಬೆವರಿದರೆ ಅಂಟು. ಎಲೆಅಡಿಕೆ ಹಾಕುವ ಕೈಗೆ ಅದನ್ನು ಹೇಗೆ ಹಚ್ಚುವುದು? ಮಗು ಮುಟ್ಟೀತೆಂದು ಅಟ್ಟದ ಮೇಲೆ ಇಟ್ಟಿದ್ದೇವೆ, ಇಳಿಸಿಕೊಡುವವರು ಯಾರು? ಆಗ ಲಸಿಕೆಯೂ ಇತ್ತು, ಚುಚ್ಚಿದ ಜಾಗ ಬಹಳ ನೋಯುತ್ತದೆ ಎಂದು ಎರಡನೇ ಸಲ ಹೋಗದವರು ಸಿಕ್ಕರು. ಪರಿಣಾಮ ಸಾಲದೆಂದು ಆ ಲಸಿಕೆಯನ್ನೇ ಈಗ ನಿಲ್ಲಿಸಲಾಗಿದೆ.

ಇವೆಲ್ಲ ದೊಡ್ಡವರೂ ಊಹಿಸಬಹುದಾದ ಕಾರಣಗಳು. ಆದರೆ ಹುಡುಗಿಯರ ಗುಂಪೊಂದು ತಂದ ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಎಣ್ಣೆ ಹೇಗೆ ಬಳಸಬೇಕೆಂದು ವಿವರಿಸಿ ಬಾಟಲಿ ಕೊಟ್ಟಿದ್ದು ಜಗುಲಿಯಲ್ಲಿ ಕುಳಿತಿದ್ದ ಗಂಡಸರ ಕೈಗೆ. ಕೊಟ್ಟಿಗೆಗೆ ಹಾಸಲು ದರಗು ಗುಡಿಸಿ ತರಲು ಬೆಳಗಾಗುವ ಮೊದಲೇ ಬೆಟ್ಟಕ್ಕೆ ಹೋಗುವವರು ಹೆಂಗಸರು. ಉಣುಗು ಇರುವುದು ಆ ಒಣಗಿದ ಎಲೆಯಲ್ಲಿಯೇ. ಎಣ್ಣೆ ಒಬ್ಬರ ಬಳಿ, ಕಾಡು ಇನ್ನೊಬ್ಬರ ಪಾಲಿಗೆ. ಬಾಟಲಿಯನ್ನು ಒಳಗಿಡದೆ ಕೊಟ್ಟಿಗೆಯ ಬಾಗಿಲಿನಲ್ಲಿ, ಕತ್ತಿ ಸಿಕ್ಕಿಸುವ ಗೂಟದ ಪಕ್ಕ ಕಟ್ಟಿದರೆ ಕತ್ತಿ ತೆಗೆಯುವಾಗ ಕಣ್ಣಿಗೆ ಬೀಳುತ್ತದೆ ಎಂಬ ಉಪಾಯ ಮಜ್ಜಿಗೆ ಕೊಟ್ಟ ಅಜ್ಜಿಯದೇ. ಅವರು ಅದನ್ನು ಮೊದಲೇ ಹೇಳಬಹುದಿತ್ತು. ಕೇಳಿದವರಿರಲಿಲ್ಲ.

ಶಾಲೆಯ ಒಳಗೂ ಕೆಲಸ ನಡೆಯಿತು. ದನದ ಮೈಯಿಂದ ಕಿತ್ತ ಉಣುಗೊಂದನ್ನು ಸ್ಪಿರಿಟ್ ಬಾಟಲಿಯಲ್ಲಿ ಹಾಕಿ ಪಶುವೈದ್ಯ ಇಲಾಖೆಯ ಸಿಬ್ಬಂದಿ ಕೊಟ್ಟಿದ್ದರು. ಭೂತಗನ್ನಡಿಯ ಕೆಳಗೆ ಇಟ್ಟು ಒಬ್ಬೊಬ್ಬರನ್ನೇ ಕರೆದೆ. "ಮೇಡಂ, ಇದು ಕೀಟವಲ್ಲ, ಕಾಲು ಎಂಟಿದೆ" ಎಂದು ಒಬ್ಬ ಕೂಗಿದ. ಹಾಗಾದರೆ ಇದರ ನೆಂಟರು ಯಾರು ಎಂದೆ. ಜೇಡ ಎಂದು ಉತ್ತರ ಬಂತು, ಚೇಳು ಎಂದು ಇನ್ನೊಂದು. ಮೊಟ್ಟೆಯೊಡೆದ ಮರಿಗೆ ಮಾತ್ರ ಆರೇ ಕಾಲು ಎಂದು ಹೇಳಿದಾಗ ಅರ್ಧ ತರಗತಿ ನನ್ನನ್ನು ನಂಬಲಿಲ್ಲ. ಎರಡನೇ ಹಂತದ ಮರಿಗಳು ಡಿಸೆಂಬರ್‌ನಿಂದ ಮೇವರೆಗೆ ಕಾಡಿನಲ್ಲಿ ಹೆಚ್ಚು, ಮನುಷ್ಯರಿಗೆ ಕಚ್ಚುವುದು ಬಹುಮಟ್ಟಿಗೆ ಅವೇ. ದರಗು ಗುಡಿಸುವ ಕಾಲವೂ ಅದೇ ಎಂದು ಕ್ಯಾಲೆಂಡರಿನಲ್ಲಿ ಗೆರೆ ಎಳೆದು ತೋರಿಸಿದ್ದು ನಾನಲ್ಲ, ಜುಲೈಯಲ್ಲಿ ನಾನು ಕುಳ್ಳಿರಿಸಿದ್ದ ಆ ಹಿಂದಿನ ಬೆಂಚಿನ ಹುಡುಗ.

ಇನ್ನೊಂದು ಸಂಗತಿ. ಅಡಿಕೆ ಸುಲಿಯಲು ಆ ಸಮಯದಲ್ಲಿ ಬಯಲುಸೀಮೆಯಿಂದ ಕುಟುಂಬಗಳು ಬರುತ್ತವೆ. ನನ್ನ ತವರಿನ ಕಡೆಯ ಜನ. ತೋಟದ ಅಂಚಿನ ಗುಡಿಸಲಿನಲ್ಲಿರುತ್ತಾರೆ, ಸೌದೆಗೆ ಕಾಡಿಗೆ ಹೋಗುತ್ತಾರೆ, ಮಂಗನ ಕಾಯಿಲೆಯ ಹೆಸರನ್ನೇ ಕೇಳಿರುವುದಿಲ್ಲ. ಮಕ್ಕಳ ನಕ್ಷೆಯಲ್ಲಿ ಆ ಗುಡಿಸಲುಗಳಿದ್ದವು, ಎಣ್ಣೆ ಹಂಚಿದ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿ ಮಾಡಿದವರ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ, ಮನೆ ಸಂಖ್ಯೆ ಇಲ್ಲದವರು ಯಾವ ಪಟ್ಟಿಗೂ ಸಿಗುವುದಿಲ್ಲ. ಮಕ್ಕಳ ಗ್ರಾಮಸಭೆಯಲ್ಲಿ ಆ ಬಾಯಿ ಬಿಡದ ಹುಡುಗಿ ನಕ್ಷೆ ಬಿಚ್ಚಿ, ಕೆಂಪು ಚುಕ್ಕೆಗಳನ್ನು ತೋರಿಸಿ, "ಇವರಿಗೂ ಎಣ್ಣೆ ಬೇಕು" ಎಂದಷ್ಟೇ ಹೇಳಿ ಕುಳಿತಳು. ಭಾಷಣವಿಲ್ಲ. ಮುಂದಿನ ವಾರ ಆಶಾ ಕಾರ್ಯಕರ್ತೆ ಅಡಿಕೆ ಸುಲಿಯುವ ಚಪ್ಪರಗಳಿಗೆ ರಾತ್ರಿ ಎಂಟು ಗಂಟೆಗೆ ಹೋದರು, ಎಲ್ಲರೂ ಒಟ್ಟಿಗೆ ಸಿಗುವುದು ಆಗ ಮಾತ್ರ. ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು. ಮನೆಮನೆ ಸಮೀಕ್ಷೆಗೆಂದು ಆಶಾ ಕಾರ್ಯಕರ್ತೆ ಮೊದಲು ಕೇಳಿಕೊಂಡು ಬಂದದ್ದು ಅದೇ ನಕ್ಷೆಯನ್ನು.

ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ನಾನೂ ಫೋಟೊ ಸೇವೆಯವರ ಸಾಲಿಗೆ ಸೇರುತ್ತೇನೆ. ಫೆಬ್ರುವರಿಯಲ್ಲಿ ಮಕ್ಕಳು ಮತ್ತೆ ಹೋದಾಗ ಕೆಲವು ಬಾಟಲಿಗಳ ಮಟ್ಟ ಇಳಿದಿತ್ತು, ಹಲವು ಹಾಗೆಯೇ ಇದ್ದವು. ಒಂದು ಮನೆಯಲ್ಲಿ ಎಣ್ಣೆಯನ್ನು ಸೈಕಲ್ ಚೈನಿಗೆ ಹಾಕಿದ್ದರು. ಶಾಲೆ ಮುಚ್ಚುವ ಮೊದಲು ನಡೆದ ಪರೀಕ್ಷೆಯಲ್ಲಿ ನನ್ನ ತರಗತಿಯ ಅಂಕ ಏರಲಿಲ್ಲ. ಒಬ್ಬಿಬ್ಬರದು ಇಳಿಯಿತು ಕೂಡ, ಓಡಾಡುವುದರಲ್ಲಿ ಉಳಿದ ವಿಷಯ ಓದುವುದು ತಪ್ಪಿತೆಂದು ಸಹೋದ್ಯೋಗಿಗಳು ನನ್ನನ್ನು ಆಡಿಕೊಂಡರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ 'ರೋಗವಾಹಕ ಎಂದರೇನು?' ಎಂಬ ಎರಡು ಅಂಕದ ಪ್ರಶ್ನೆಗೆ ಆ ವರ್ಷ ಯಾರೂ ಪುಸ್ತಕದ ಸಾಲನ್ನು ಬರೆಯಲಿಲ್ಲ. ಒಬ್ಬಳು ಮುಕ್ಕಾಲು ಪುಟ ಬರೆದು, ಕೊನೆಗೆ 'ಜಾಗ ಸಾಲಲಿಲ್ಲ' ಎಂದು ಸೇರಿಸಿದ್ದಳು. ಕೊಡಲು ನನ್ನ ಬಳಿ ಇದ್ದದ್ದು ಎರಡೇ ಅಂಕ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಬ್ಯಾಗ್ ಇಲ್ಲದ ಹತ್ತು ದಿನಗಳ ಮಾತನಾಡುತ್ತದೆ, ನಮ್ಮಲ್ಲಿ ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಇದೆ. ದಿನಗಳಿಗೇನೂ ಬರವಿಲ್ಲ. ಇಲಾಖೆಯವರು ಈ ಪತ್ರ ಓದುತ್ತಾರೆ ಎಂದುಕೊಂಡು ಕೇಳುತ್ತೇನೆ: ಆ ದಿನ ಏನು ಮಾಡಬೇಕೆಂದು ಬೆಂಗಳೂರಿನಿಂದ ಹೇಳಿ ಕಳಿಸಬೇಡಿ. ತೀರ್ಥಹಳ್ಳಿಯ ಶಾಲೆಗೂ ರಾಯಚೂರಿನ ಶಾಲೆಗೂ ಒಂದೇ ವಿಷಯ, ಒಂದೇ ನಮೂನೆ, ಸಂಜೆಯೊಳಗೆ ಫೋಟೊ ಎಂದರೆ ಶಿಕ್ಷಕರು ಮತ್ತೆ ಅದೇ ಗುಂಡಿಗೆ ಗಿಡ ನೆಡುತ್ತಾರೆ, ನೆಟ್ಟರೆ ಅವರ ತಪ್ಪೂ ಅಲ್ಲ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಆನ್‌ಲೈನ್ ನಮೂದು, ಜೊತೆಗೆ ಇಬ್ಬರ ಕೆಲಸ ಒಬ್ಬರ ತಲೆಗೆ. ಇದರ ನಡುವೆ ಊರು ಸುತ್ತಲು ಯಾರಿಗೆ ಪುರಸೊತ್ತು? ವರ್ಷಕ್ಕೆ ಒಂದೇ ಪ್ರಶ್ನೆ ಸಾಕು. ಅದನ್ನು ಊರಿನವರೇ ಕ್ಲಾಸಿಗೆ ಬಂದು ಕೇಳಲಿ, ಆಶಾ ಕಾರ್ಯಕರ್ತೆಯಾಗಲಿ, ಕೆರೆಯ ನೀರಗಂಟಿಯಾಗಲಿ, ಅಂಗನವಾಡಿಯವರಾಗಲಿ. ಯಾವ ಪಾಠಕ್ಕೆ ಅದು ಸೇರುತ್ತದೆಂದು ಶಿಕ್ಷಕರು ನೋಡಲಿ, ಸೇರದಿದ್ದರೆ ಬಿಟ್ಟುಬಿಡಲಿ. ವರ್ಷದ ನಡುನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಹೇಗಿದ್ದರೂ ಚಟುವಟಿಕೆಗೆ ಅಂಕ ಇದೆ. ರಟ್ಟಿನ ಮಾದರಿಯನ್ನು ಅಂಗಡಿಯಿಂದ ಕೊಂಡು ತಂದವರಿಗೂ ಕೊಡುವ ಆ ಅಂಕವನ್ನು ಮಕ್ಕಳು ಕಂಡದ್ದನ್ನು, ತಪ್ಪಿದ್ದನ್ನು ತಮ್ಮ ಮಾತಿನಲ್ಲಿ ಬರೆದರೆ ಕೊಡಿ. ಕೆಲಸ ಮುಗಿದ ಮೇಲೆ ಕುಳಿತು ಮಾತನಾಡಲು ಎರಡು ಅವಧಿ ಬಿಡಿ. ಜಾಥಾದಿಂದ ಹಿಂತಿರುಗಿ ನಾವು ಹಾಗೆಯೇ ಮನೆಗೆ ಹೋಗಿದ್ದರೆ ಅಜ್ಜಿಯ ಮಾತು ಅಜ್ಜಿಯ ಅಂಗಳದಲ್ಲಿಯೇ ಉಳಿಯುತ್ತಿತ್ತು.

ಪೊರಕೆಯ ಬಗ್ಗೆ ಬರೆದ ಪಾಲಕರಿಗೆ ಒಂದು ಕೋರಿಕೆ. ನಿಮ್ಮ ಮಗುವಿನ ಶಾಲೆಯಲ್ಲಿ ಮುಂದಿನ ಸಲ ಸೇವೆಯ ಹೆಸರಿನಲ್ಲಿ ಏನಾದರೂ ನಡೆದರೆ ನೇರ ಹೋಗಿ ಕೇಳಿ: ಇದನ್ನು ಬೇಕೆಂದವರು ಯಾರು, ಇದು ಯಾವ ಪಾಠ, ಎಲ್ಲ ಮಕ್ಕಳಿಗೂ ಒಂದೇ ಕೆಲಸವೇ? ಉತ್ತರ ಬಾರದಿದ್ದರೆ ಜಗಳವಾಡಿ, ನಾನೂ ಜೊತೆಗೆ ಬರುತ್ತೇನೆ.

ಆ ವರ್ಷದ ದಾಖಲೆ ಪುಸ್ತಕ, ನಾಲ್ಕು ಬಾಟಲಿಗಳ ಚಿತ್ರವಿರುವ ಹಾಳೆಗಳು ನನ್ನ ಬಳಿಯೇ ಇವೆ. ನಕ್ಷೆ ಮಾತ್ರ ಇಲ್ಲ, ಆಶಾ ಕಾರ್ಯಕರ್ತೆ ಹಿಂದಿರುಗಿಸಿಲ್ಲ, ನಾನು ಕೇಳಿಯೂ ಇಲ್ಲ. ನೋಡಬೇಕೆನಿಸಿದರೆ ನಮ್ಮ ಮನೆಗೆ ಬನ್ನಿ. ಡಿಸೆಂಬರ್ ಕಳೆದಿದ್ದರೆ ಕೈಕಾಲಿಗೆ ಎಣ್ಣೆ ಹಚ್ಚಿಕೊಂಡು ಬನ್ನಿ, ದಾರಿ ಹಾಡ್ಯದ ಕಾಡಿನ ಪಕ್ಕದಲ್ಲಿಯೇ. ನಿಮ್ಮಲ್ಲಿ ಇಲ್ಲದಿದ್ದರೆ ಹಿಂತಿರುಗುವಾಗ ನಮ್ಮಲ್ಲಿಯೇ ಹಚ್ಚಿಕೊಳ್ಳಬಹುದು. ಬಾಟಲಿ ಈಗ ಕಿಟಕಿಯಲ್ಲಿಲ್ಲ, ಹಿಂಬಾಗಿಲಿನ ಗೂಟದಲ್ಲಿ ತೂಗುತ್ತಿದೆ. ಅರ್ಧ ಖಾಲಿಯಾಗಿದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ